ದರೆಗೆ ಹೆಪ್ಪು

ಆಸಾಡಿ ತಿಂಗಳ ಮಳೆ ಬೆಳಗಿನಿಂದ ಒಂದೇ ಹದದಲ್ಲಿ ಬೀಳುತ್ತಿತ್ತು. ನೀರ್ಕೊಡ್ಲಿನ ಬೈಲಿನಲ್ಲಿ ಅಂದು ಗುಲಾಬಿಯ ಗದ್ದೆಯ ನೆಟ್ಟಿ. ತಲೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು ಸಾಲಾಗಿ ಬಗ್ಗಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಭತ್ತದ ಅಗೆಯ ಸೂಡಿ ಬಿಚ್ಚಿ ಕೆಸರಿಗೆ ಊರುತ್ತಿದ್ದರು. ನೆಡುವ ಯಂತ್ರ ಸುತ್ತಲಿನ ಊರುಗಳಿಗೆಲ್ಲ ಬಂದಿತ್ತು. ಆದರೆ ಈ ಬೈಲಿನ ಕೆಸರಿನಲ್ಲಿ ಅದು ಹೊಟ್ಟೆಯವರೆಗೆ ಹೂತುಹೋಗಿ, ಕೋಣ ಕಟ್ಟಿ ಎಳೆಸಬೇಕಾಗಿ ಬಂದ ಮೇಲೆ ಯಾರೂ ಅದರ ಹೆಸರೆತ್ತಿರಲಿಲ್ಲ. ಹಾಗಾಗಿ ಇಲ್ಲಿ ಇನ್ನೂ ಮುಯ್ಯಾಳು: ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ.

ಮೂಕಾಂಬುವಿನ ಕೈ ನೆಡುತ್ತಿತ್ತು, ಕಣ್ಣು ಮಾತ್ರ ಮತ್ತೆ ಮತ್ತೆ ಗುಡ್ಡದ ಕಡೆ ಹೋಗುತ್ತಿತ್ತು.

"ಹ್ವಾಯ್ ಮೂಕಾಂಬು, ನೀನ್ ನೆಟ್ಟಿ ನೆಡ್ತ್ಯಾ, ದೀಪಕ್ಕೆ ಕೈ ಮುಗಿತ್ಯಾ?" ಪಕ್ಕದ ಸಾಲಿನಿಂದ ಗುಲಾಬಿ ಕೂಗಿದಳು. "ನಿನ್ ಸಾಲ್ ಕಾಣ್, ಹಾವ್ ಹರ್ದ್ ಹೋದಾಂಗೆ ಇತ್ತ್. ನಾಳೆ ಪೈರ್ ಬಂದ್ರೆ ಊರಿನವ್ರೆಲ್ಲ ನಂಗೇ ನೆಗಾಡುದ್."

ಹೆಂಗಸರು ನಕ್ಕರು. ಮೂಕಾಂಬುವೂ ನಕ್ಕಳು, ಮತ್ತೆ ಗುಡ್ಡದ ಕಡೆ ನೋಡಿದಳು. ಬೈಲಿನ ಅಂಚಿಗೆ, ಗುಡ್ಡದ ಬುಡದಲ್ಲಿ ಎರಡು ಮನೆಗಳು. ಒಂದು ಅವಳದು. ಬೇಲಿ ದಾಟಿ ಇನ್ನೊಂದು, ಸ್ವಲ್ಪ ತಗ್ಗಿನಲ್ಲಿ, ಗುಲಾಬಿಯದು. ರಸ್ತೆ ಅಗಲ ಮಾಡುವಾಗ ಗುಡ್ಡವನ್ನು ಕೇಕಿನ ಹಾಗೆ ಕೊಯ್ದು ಬಿಟ್ಟಿದ್ದರಿಂದ ಎರಡು ಮನೆಗಳ ಹಿಂದೆಯೂ ಒಂದೇ ಉದ್ದದ ಕೆಂಪು ದರೆ ನೆಟ್ಟಗೆ ನಿಂತಿತ್ತು. ಮೂಕಾಂಬುವಿನ ಪಾಲಿನ ದರೆಯ ನೆತ್ತಿಯಲ್ಲಿ ಒಂದು ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ದೀಪ. ಅದು ಹಸಿರಿದ್ದರೆ ದರೆ ಉಂಡಿದೆ ಎಂದರ್ಥ. ಅರಿಸಿನ ಬಣ್ಣವಾದರೆ ಹಸಿದಿದೆ. ಕೆಂಪಾದರೆ, ಹಸಿವು ತಾಳದೆ ತನ್ನನ್ನೇ ತಿನ್ನಲು ಹೊರಟಿದೆ.

ಮೂಕಾಂಬು ಬೆಳಗ್ಗೆ ಕೈಯಾರೆ ಉಣಿಸಿ ಬಂದಿದ್ದಳು. ಆದರೂ ದೀಪ ಅರಿಸಿನ ಬಣ್ಣದಲ್ಲೇ ಉರಿಯುತ್ತಿತ್ತು.

*

ಎರಡು ಬೇಸಗೆಗಳ ಹಿಂದೆ ದರೆ ಯೋಜನೆಯವರು ಬಂದಿದ್ದರು. ದರೆಯ ಮೈಗೆ ಸಾಲಾಗಿ ತೂತು ಕೊರೆದು, ಕೊಳವೆ ಇಳಿಸಿ, ಕ್ಯಾನುಗಳಲ್ಲಿ ತಂದ ಮಸುಕು ನೀರನ್ನು ಒಳಗೆ ಬಿಟ್ಟರು. ಆ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿದ್ದವು. ಯೂರಿಯಾ ಮತ್ತು ಸುಣ್ಣದ ಅಂಶ ಕಲಸಿದ ನೀರನ್ನು ಅವಕ್ಕೆ ಕುಡಿಸಿದರೆ, ಅವು ಮಣ್ಣಿನ ಕಣಕಣದ ನಡುವೆ ಕಲ್ಲಿನ ತೆಳು ಪೊರೆ ಕಟ್ಟುತ್ತ ಹೋಗುತ್ತವೆ. ಮಣ್ಣು ಬಿಗಿಯಾಗುತ್ತದೆ, ಆದರೆ ಮಳೆನೀರು ಬಸಿದುಹೋಗಲು ಸಂದು ಉಳಿಯುತ್ತದೆ. ಎಲ್ಲಾದರೂ ಬಿರುಕು ಬಿಟ್ಟರೆ ಅಲ್ಲಿಯ ಜೀವಾಣು ಎಚ್ಚೆತ್ತು ಮತ್ತೆ ಪೊರೆ ಕಟ್ಟುತ್ತದೆ. ಅದು ಉಣ್ಣುವಾಗ ಹುಟ್ಟುವ ಒಂದಿಷ್ಟು ವಿದ್ಯುತ್ತನ್ನು ತಂತಿ ಹಿಡಿದು ಕಂಬದ ದೀಪಕ್ಕೂ, ಕುಂದಾಪುರದ ಕಚೇರಿಗೂ ತಿಳಿಸುತ್ತದೆ. ಒಂದೇ ಷರತ್ತು, ಮಳೆಗಾಲ ಪೂರ್ತಿ ದಿನವೂ ಉಣಿಸಬೇಕು. ವಾರ ಕಾಲ ಉಪವಾಸ ಬಿದ್ದರೆ ಅದು ಹುಳಿ ಬಿಡುತ್ತದೆ, ಕಟ್ಟಿದ ಪೊರೆಯನ್ನು ತಾನೇ ಕರಗಿಸುತ್ತದೆ.

ಕಾಗದದ ಮೇಲೆ ಅದರ ಹೆಸರು ಜೀವಗಾರೆ. ಉಣಿಸುವ ನೀರಿಗೆ ಕದಡುವ ಪುಡಿಯ ಚೀಲದ ಮೇಲೆ ಪೋಷಕ ದ್ರಾವಣ ಎಂದು ಅಚ್ಚಾಗಿತ್ತು. ಊರಿನವರು ಅದನ್ನು ಗಂಜಿ ಎಂದರು. ಜೀವಗಾರೆಯನ್ನು ಹೆಪ್ಪು ಎಂದರು. ಹೆಪ್ಪು ಎಂಬ ಹೆಸರು ಕೊಟ್ಟವರು ಊರಿನವರಲ್ಲ. ಶಾಲೆಯ ಜಗಲಿಯಲ್ಲಿ ಸಭೆ ಮಾಡಿದ ಅಧಿಕಾರಿಯೇ, ಜನಕ್ಕೆ ಅರ್ಥವಾಗಲಿ ಎಂದು, "ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲವೇ, ಹಾಗೆ" ಎಂದಿದ್ದರು.

ಯೋಜನೆಯ ಗೂಟ ಬೇಲಿಯವರೆಗೆ ಬಂದು ನಿಂತಿತು. ಆ ವರ್ಷಕ್ಕೆ ಅಷ್ಟೇ ಮಂಜೂರು. ಗುಲಾಬಿ ತನ್ನ ದರೆಯ ಬುಡಕ್ಕೆ ಗೋಡೆ ಕಟ್ಟಿಸಲೆಂದು ಮುರಕಲ್ಲು ತರಿಸಿ ಅಂಗಳದಲ್ಲಿ ಪೇರಿಸಿಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಕೋಳಿ ಸಾಕಿ, ಮಲ್ಲಿಗೆ ಕಟ್ಟಿ ಕೂಡಿಸಿದ್ದೆಲ್ಲ ಆ ಕಲ್ಲಿಗೆ ಹೋಗಿತ್ತು.

ಆ ಬೇಸಗೆ ಕಳೆದು ಮರುವರ್ಷದ ಫಾಲ್ಗುಣದಲ್ಲಿ, ಒಂದು ಬೆಳಿಗ್ಗೆ ಗುಲಾಬಿ ತೆಂಗಿನ ಗೆರಟೆ ಹಿಡಿದು ಬೇಲಿಯ ಬಳಿ ನಿಂತಳು.

"ಒಂಚೂರ್ ಹೆಪ್ಪ್ ಕೊಡ್ ಮಾರಾಯ್ತಿ."

"ಮೊಸ್ರ್ ಹುಳಿ ಬಂದಿತ್ತ್, ಅಡ್ಡಿಲ್ಯಾ?"

"ಮೊಸ್ರಿಂದಲ್ದೇ, ದರಿದ್." ಗುಲಾಬಿ ಗಲ್ಲದಿಂದ ಗುಡ್ಡ ತೋರಿಸಿದಳು. "ಸರ್ಕಾರ ಬಪ್ಪ್ ತನ್ಕ ಕಾಂತ್ ಕೂಕಂಡ್ರೆ ಗುಡ್ಡೆಯೇ ಬತ್ತ್."

ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವ ವಾಡಿಕೆ ನೀರ್ಕೊಡ್ಲಿನಲ್ಲಿಲ್ಲ. ಹೊಸ ಸೊಸೆಗೆ ಅತ್ತೆ ಮೊದಲು ಹೇಳಿಕೊಡುವುದೇ ಅದು: ದೀಪ ಹಚ್ಚಿದ ಮೇಲೆ ಕೊಡಬಾರದು, ಹಗಲು ಕೇಳಿದರೆ ಇಲ್ಲವೆನ್ನಬಾರದು. ಕೊಟ್ಟವರು ಮರಳಿ ಕೇಳುವುದಿಲ್ಲ. ತೆಗೆದುಕೊಂಡವರು ತಿರುಗಿ ತಂದುಕೊಡುವುದಿಲ್ಲ; ಕೊಟ್ಟರೆ ಎರಡು ಮನೆಗಳ ಲೆಕ್ಕ ಚುಕ್ತಾ ಮಾಡಿ ನಂಟು ಕಡಿದ ಹಾಗೆ. ಮೂಕಾಂಬು ಒಂದು ಕ್ಷಣವೂ ಯೋಚಿಸಲಿಲ್ಲ. ಕೊಳವೆಯ ಬಾಯಿಯಿಂದ ಒಂದು ಹಿಡಿ ಬಿಗಿದ ಮಣ್ಣು ಕೆತ್ತಿ ಗೆರಟೆಗೆ ಹಾಕಿದಳು. ಮೇಲಿಂದ ಒಂದು ಕೊಡ ಗಂಜಿಯನ್ನೂ ಹೊತ್ತು ಕೊಟ್ಟಳು; ಆ ಬೇಸಗೆಯುದ್ದಕ್ಕೂ ಕೊಡುತ್ತಲೇ ಬಂದಳು.

ಅದು ಹಿಡಿಯಿತು. ಬೇಸಗೆ ಮುಗಿಯುವಷ್ಟರಲ್ಲಿ ಗುಲಾಬಿಯ ದರೆಗೆ ಹಾರೆ ಹಾಕಿದರೆ ಠಣ್ಣೆನ್ನುತ್ತಿತ್ತು. ಗುಲಾಬಿ ಸಂಭ್ರಮದಲ್ಲಿ ಬೀಗಿದಳು. "ನಿನ್ನ ದರೆ ಮಗಳ್ ನನ್ನ ದರಿಗೆ ಸೊಸೆ ಆಯಿ ಬಂದ್ಲ್. ಇನ್ ನಾವ್ ಬೀಗರ್," ಎಂದಳು. ಗೋಡೆಗೆಂದು ಪೇರಿಸಿದ ಕಲ್ಲನ್ನು ಮೂಕಾಂಬುವಿನ ಅಂಗಳಕ್ಕೆ ಸಾಗಿಸಿಬಿಟ್ಟಳು. "ನಿನ್ ಅಡ್ಗಿ ಮನಿ ಮಣ್ಣಿನ ಗೋಡಿ ಅಲ್ದಾ? ಕಟ್ಸ್ಕೋ. ನಂಗಿನ್ನೆಂತಕೆ ಗೋಡಿ?"

ಮೂಕಾಂಬುವಿನ ಗಂಡ ಶೀನ ಕಲ್ಲುಕೋರೆಯಲ್ಲಿ ಕೆಲಸ ಮಾಡುವವನು. ಆ ಕಲ್ಲಿನಿಂದಲೇ ಹೊಸ ಅಡುಗೆಮನೆ ಎಬ್ಬಿಸಿದ.

ಮಳೆ ಹಿಡಿದ ಮೇಲೆ ಗಂಜಿಯ ಚೀಲಗಳು ಲೆಕ್ಕ ಹಾಕಿ ಬರತೊಡಗಿದವು. ಮೂಕಾಂಬು ಬೇಲಿಯಾಚೆ ಕೊಡ ಹೊರುವುದನ್ನು ನಿಲ್ಲಿಸಿದಳು. ಗುಲಾಬಿ ಕೇಳಲಿಲ್ಲ. ಕೇಳದೆ ಇದ್ದದ್ದೇ ಮೂಕಾಂಬುವಿಗೆ ಚುಚ್ಚುತ್ತಿತ್ತು.

*

ನೆಟ್ಟಿಯ ಮರುದಿನ ಅವಳು ಬಸ್ಸು ಹತ್ತಿ ಕುಂದಾಪುರಕ್ಕೆ ಹೋದಳು. ದರೆ ಕಚೇರಿ ಎಂದರೆ ಹಳೆಯ ಅಕ್ಕಿ ಗೋದಾಮಿನ ಮಾಳಿಗೆಯ ಒಂದು ಕೋಣೆ. ಗೋಡೆಯ ತುಂಬ ಪರದೆಗಳು, ಮೂಲೆಯಲ್ಲಿ ಸೋರುವ ಜಾಗಕ್ಕೆ ಇಟ್ಟ ಬಕೆಟ್ಟು. ಪರದೆಗಳ ಮುಂದೆ ನಫೀಸಾ ಕೂತಿದ್ದಳು. ಗಂಗೊಳ್ಳಿಯ ಹುಡುಗಿ, ಎಂಜಿನಿಯರು, ತಾಲೂಕಿನ ದರೆಗಳೆಲ್ಲ ಅವಳ ಉಸ್ತುವಾರಿ. ನಿದ್ದೆಗೆಟ್ಟ ಕಣ್ಣು.

"ಬನ್ನಿ ಮೂಕಾಂಬಕ್ಕ, ನಿಮ್ಗೇ ಫೋನ್ ಮಾಡ್ಕ್ ಅಂದಿದ್ದೆ. ದಿನಾ ಉಣಿಸ್ತಿದ್ರ್ಯಾ?"

"ದೇವ್ರಾಣೆ, ಒಂದಿನ ತಪ್ಪಿಸ್ಲಿಲ್ಲೆ ಮೇಡಂ."

"ಹಾಂಗಾರೆ ಎಲ್ಲಿಗ್ ಹೋತ್ತ್ ಅದ್?" ನಫೀಸಾ ಪರದೆಯೊಂದರ ಮೇಲೆ ಬೆರಳಿಟ್ಟಳು. ನೀಲಿ ಬಣ್ಣದ ದರೆಯ ಚಿತ್ರ, ಅದರ ಮೇಲೆ ಬೆಳಕಿನ ಗೆರೆಗಳು ಬೇರಿನ ಹಾಗೆ ಹರಡಿದ್ದವು. ಬೇರುಗಳೆಲ್ಲ ಒಂದೇ ಕಡೆ ವಾಲಿದ್ದವು. "ತಂತಿ ಹೇಳು ಲೆಕ್ಕ ಕಂಡ್ರೆ, ಇದ್ ಉಂಬುದ್ ಎರಡ್ ದರೆಯಷ್ಟ್. ನಿಮ್ಮ ದರೆ ಇಷ್ಟ್ ದೊಡ್ಡದಲ್ಲ. ಬೇಲಿ ಆಚೆ ಎಂತ ಇತ್ತ್?"

"ಎಂತದೂ ಇಲ್ಲೆ," ಎಂದಳು ಮೂಕಾಂಬು.

ಹೇಳಿ, ಚೀಲಕ್ಕೆ ಸಹಿ ಹಾಕಿ, ಮೆಟ್ಟಿಲು ಇಳಿದಳು. ಅರ್ಧ ಇಳಿದವಳು ಕೊಡೆಯಿಂದ ನೀರು ಇಳಿದು ಮೆಟ್ಟಿಲ ಮೇಲೆ ಹರಿಯುವುದನ್ನು ನೋಡಿದಳು. ಮತ್ತೆ ಹತ್ತಿ ಬಂದು ಬಾಗಿಲಲ್ಲಿ ನಿಂತೇ ಹೇಳಿದಳು, "ನಾನ್ ಹೆಪ್ಪ್ ಕೊಟ್ಟಿದ್ದೆ ಮೇಡಂ. ಗುಲಾಬಕ್ಕನಿಗೆ. ಗೆರಟೆಯಲ್ಲಿ."

ನಫೀಸಾಗೆ ಮೊದಲು ನಗು ಬಂತು. "ಲ್ಯಾಬಲ್ಲಿ ಅದನ್ನ ಬರೀ ಕೈಯಲ್ಲಿ ಮುಟ್ಟುಕೂ ಬಿಡುದಿಲ್ಲೆ. ನೀವ್ ಗೆರಟೆಯಲ್ಲಿ ಕೊಟ್ರ್ಯಾ?" ಆಮೇಲೆ ಪರದೆಯ ಕಡೆ ತಿರುಗಿದಳು. ನಗು ಅಲ್ಲಿಗೇ ನಿಂತಿತು.

ಬಹಳ ಹೊತ್ತು ಏನೇನೋ ಒತ್ತಿ ನೋಡಿದಳು. ಅರ್ಥವಾದಷ್ಟನ್ನು ಮೂಕಾಂಬುವಿಗೆ ಹೇಳಿದಳು. ಲ್ಯಾಬಿನಿಂದ ಬಂದದ್ದು ಪಳಗಿಸಿದ ಜೀವ, ಕೊಟ್ಟ ಜಾಗದಲ್ಲಿ ಕೊಟ್ಟಷ್ಟು ಉಂಡು ಇರುವಂಥದು. ಗೆರಟೆಯಲ್ಲಿ ಹೋದದ್ದು ಆಚೆಯ ಮಣ್ಣಿಗೆ ಒಗ್ಗಿ ಬೇರೆಯೇ ಆಗಿದೆ. ಚುರುಕು, ಬಲ ಹೆಚ್ಚು, ಹಸಿವೂ ಹೆಚ್ಚು. ಮಳೆನೀರಿನ ಸಂದಿನಲ್ಲಿ ಎರಡೂ ಒಂದಕ್ಕೊಂದು ಸೇರಿಕೊಂಡಿವೆ. ಮೂಕಾಂಬು ತನ್ನ ಕೊಳವೆಗೆ ಹೊಯ್ದ ಗಂಜಿಯಲ್ಲಿ ದೊಡ್ಡ ಪಾಲನ್ನು ಅದು ಬೇಲಿಯಾಚೆಗೆ ಎಳೆದುಕೊಳ್ಳುತ್ತಿದೆ.

"ನಾನ್ ಕೊಡ ಹೊರುದ್ ನಿಲ್ಸಿದೆ," ಎಂದಳು ಮೂಕಾಂಬು.

"ನೀವ್ ನಿಲ್ಸಿರ್. ಅದ್ ನಿಲ್ಸ್ಲಿಲ್ಲೆ."

"ಚೀಲ ಇನ್ನೂ ನಾಕ್ ಕೊಡಿ, ಎರಡಕ್ಕೂ ಹಾಕ್ತೆ."

"ಎಲ್ಲಿಂದ ಕೊಡ್ಲಿ? ಲಾರಿ ಘಾಟಿ ಮೇಲೆ ನಿಂತಿತ್ತ್. ರಸ್ತೆ ಮೇಲೆ ಗುಡ್ಡೆ ಕೂತಿತ್ತ್. ಬೇರೆ ದರೆಯವ್ರದ್ದ್ ಕಿತ್ಕಂಡ್ ಕೊಡುಕ್ ಆಪುದಿಲ್ಲೆ. ಇಪ್ಪುದ್ ಒಂದ್ ದರಿಗೆ ಸಾಕ್, ಅಷ್ಟೇ."

ಮೂಕಾಂಬು ಬಾಗಿಲು ಬಿಟ್ಟು ಪರದೆಯ ಹತ್ತಿರ ಬಂದಳು. ನಫೀಸಾ ಎರಡೂ ದಾರಿಯನ್ನು ಹೇಳಿದಳು.

"ನಡುವೆ ಕಡ್ಲ್ ನೀರ್ ಹೊಯ್ದ್ ಎರಡನ್ನೂ ಬೇರೆ ಮಾಡ್ಲಕ್. ಉಪ್ಪಿಗೆ ಅದ್ ಸಾಯ್ತ್. ಆಮೇಲೆ ಗಂಜಿ ಪೂರ್ತಿ ನಿಮ್ಮ ಬದಿಗೆ. ನಿಮ್ಮ ದರೆ ಉಳ್ಕಂಬುಕೂ ಸಾಕ್, ಉಳಿಯದೆ ಇಪ್ಪುಕೂ ಸಾಕ್, ಎಷ್ಟ್ ಕರ್ಗಿತ್ತ್ ಅಂದ್ ಗೊತ್ತಿಲ್ಲೆ. ಅವ್ರದ್ದ್ ಮಾತ್ರ ಬೀಳುದ್ ಖಂಡಿತ." ಅವಳು ಕಣ್ಣುಜ್ಜಿಕೊಂಡಳು. "ಅವ್ರ ಬದಿಗೆ ಉಣಿಸಿರೆ ಅವ್ರದ್ದ್ ನಿಲ್ಲುದ್ ಖಂಡಿತ. ನಿಮ್ದ್ ಬೀಳುದೂ ಖಂಡಿತ. ರೂಲು ಕೇಳಿರೆ, ಪಟ್ಟಿಯಲ್ಲಿಪ್ಪುದ್ ನಿಮ್ಮ ದರೆ. ನಿಮ್ಮ ಕೊಳವೆಗೇ ಹೊಯ್ನಿ ಅಂದ್ ನಾನ್ ಹೇಳ್ಕ್. ಹೇಳಿದೆ ಅಂದ್ ಇಟ್ಕಣಿ."

*

ಶೀನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದ. ಮಳೆಗಾಲದಲ್ಲಿ ಕೋರೆ ಬಂದ್. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿದ. ಚಾಕು ಕೆಳಗಿಟ್ಟ.

"ಉಳ್ಕಂಬುಕೂ ಸಾಕ್ ಅಂದ್ರಲ್ದಾ ಮೇಡಂ?"

"ಅಂದ್ರ್."

"ಮತ್ತೆಂತ? ನಾಳೆ ಬೆಳಿಗ್ಗೆ ಕೋಡಿಗ್ ಹೋಯಿ ಎರಡ್ ಡ್ರಮ್ ಕಡ್ಲ್ ನೀರ್ ತತ್ತೆ."

"ಹ್ವಾಯ್..."

"ಎಂತ ಹ್ವಾಯ್? ನಮ್ ಮನಿ ಬಿದ್ದ್ ಹೋಯ್ಲಿ, ಅವ್ಳ್ ಮನಿ ನಿಲ್ಲಲಿ ಅಂಬ್ಯಾ? ನೀನೆಂತ ಧರ್ಮದ ಕೊಪ್ಪರಿಗೆಯಾ?"

ಮೂಕಾಂಬು ಒಲೆಯ ಹಿಂದಿನ ಗೋಡೆಯ ಮೇಲೆ ಅಂಗೈ ಇಟ್ಟಳು. ಮುರಕಲ್ಲು ಬೆಚ್ಚಗಿತ್ತು.

"ಈ ಕಲ್ಲ್ ಯಾರದ್ದ್?" ಎಂದಳು.

ಶೀನ ಎದ್ದು ಹೊರಗೆ ಹೋದ. ಹಟ್ಟಿಯ ಕಡೆ ಹೋಗಿ ಸುಮ್ಮನೆ ದನಕ್ಕೆ ಬೈದ. ಮತ್ತೆ ಬಂದ. ಕೂತ. ಎದ್ದ. "ಕಲ್ಲ್ ಅವ್ಳೇ ಕೊಟ್ಟದ್ದ್, ನಾವ್ ಕೇಣ್ಲಿಲ್ಲೆ," ಎಂದ.

"ಹೆಪ್ಪ್ ಹಿಡಿತ್ ಅಂದ್ ಕೊಟ್ಟದ್ದ್. ಗೋಡಿ ಇದ್ದಿರೆ ಅವ್ಳ್ ಮನಿ ಅದ್ರ ಬಲದಲ್ಲಿ ನಿಲ್ತಿತ್. ಅವ್ಳ್ ಗೋಡಿ ನಮ್ ಒಲಿ ಹಿಂದೆ ಇತ್ತ್."

ಅವನು ಸುಲಿದ ಬೀಜಗಳನ್ನು ಸಿಪ್ಪೆಯ ರಾಶಿಗೂ, ಸಿಪ್ಪೆಯನ್ನು ಬೀಜದ ಬಟ್ಟಲಿಗೂ ಹಾಕುತ್ತ ಕೂತ. ಹೊರಗೆ ದೀಪದ ಅರಿಸಿನ ಬೆಳಕು ಮಳೆಯಲ್ಲಿ ಕದಡಿ, ಕಿಟಕಿಯ ಸರಳಿಗೆ ಹತ್ತಿಕೊಂಡಿತ್ತು.

ಬೆಳಿಗ್ಗೆ ಅವಳು ಡ್ರಮ್ಮಿನಲ್ಲಿ ಗಂಜಿ ಕದಡಿ ಕೊಡ ಎತ್ತುವಾಗ ಶೀನ ಬಂದು ಇನ್ನೊಂದು ಕೊಡ ಎತ್ತಿಕೊಂಡ. ಮುಖ ಗಂಟಿಕ್ಕಿಯೇ ಇತ್ತು. ಬೇಲಿಯ ದಣಪೆಯನ್ನು ತಾನೇ ಸರಿಸಿದ.

*

"ಇದೆಂತ ಇವತ್ತ್ ಗಂಡ ಹೆಂಡ್ತಿ ಮೆರವಣಿಗಿ?" ಗುಲಾಬಿ ಕೋಳಿಗೂಡಿನ ಬಳಿಯಿಂದ ಬಂದಳು.

"ಗಂಜಿ ಉಳ್ದಿತ್, ತಕಂಡ್ ಬಂದೆ," ಎಂದಳು ಮೂಕಾಂಬು, ದರೆಯ ಮೈಗೆ ಗಂಜಿ ಇಳಿಸುತ್ತ.

ಗುಲಾಬಿ ಬೇಲಿಯಾಚೆಯ ಕಂಬ ನೋಡಿದಳು. ಆಮೇಲೆ ಶೀನನ ಮುಖ ನೋಡಿದಳು. ಅವಳು ದಡ್ಡಿಯಲ್ಲ. ಒಂದೊಂದೇ ಪ್ರಶ್ನೆ ಕೇಳಿ ಎಲ್ಲವನ್ನೂ ಹೊರಗೆಳೆದಳು. ಎಳೆದ ಮೇಲೆ ಮೂಕಾಂಬುವಿನ ಕೈಯಿಂದ ಕೊಡವನ್ನೇ ಕಿತ್ತುಕೊಂಡಳು.

"ತಕಂಡ್ ಹೋಯ್ನಿ! ನಿಮ್ ದರಿಗೆ ಹೊಯ್ನಿ. ನಿನ್ ಮನಿ ಬೀಳ್ಸ್ಕಂಡ್ ನಾನ್ ಇಲ್ ಕೂಕಣ್ಕಾ? ನಾಳೆ ನಿನ್ ಮುಖ ಹ್ಯಾಂಗ್ ಕಾಂಬುದ್?"

"ನಿಮ್ಮನಿ ಬಿದ್ರೆ ನಾನ್ ಹ್ಯಾಂಗ್ ಕಾಂಬುದ್?"

"ನಾನ್ ಒಬ್ಳೇ ಹೆಂಗ್ಸ್. ಶಿರೂರಲ್ಲಿ ಅಕ್ಕನ ಮನಿ ಇತ್ತ್."

"ಅಕ್ಕನ ಮನಿಯಲ್ಲಿ ನೀವ್ ಎರಡ್ ದಿನ ಇಪ್ಪವ್ರಲ್ಲ. ಮೂರ್ನೇ ದಿನ ಜಗಳ ಮಾಡ್ಕಂಡ್ ಬತ್ರಿ."

ಶೀನನಿಗೆ ನಗು ತಡೆಯಲಾಗಲಿಲ್ಲ. ಗುಲಾಬಿ ಅವನನ್ನು ದುರುಗುಟ್ಟಿ ನೋಡಿದಳು. ಕೊಡ ಇಬ್ಬರು ಹೆಂಗಸರ ನಡುವೆ ಎಳೆದಾಡಿ ಅರ್ಧ ಅಂಗಳಕ್ಕೆ ಚೆಲ್ಲಿತು. ಬಿಳಿಯ ನೀರು ಮಳೆನೀರಿನೊಡನೆ ಸೇರಿ ಚರಂಡಿಗೆ ಹರಿಯಿತು. ಮೂವರೂ ಅದನ್ನೇ ನೋಡಿದರು. ಚೆಲ್ಲುವಷ್ಟು ಗಂಜಿ ಯಾರ ಬಳಿಯೂ ಇರಲಿಲ್ಲ.

"ಕೊಟ್ಟ್ ಹೆಪ್ಪನ್ನ ಉಪಾಸ ಬೀಳ್ಸುಕೆ ನನ್ನಿಂದ ಆಪುದಿಲ್ಲೆ ಗುಲಾಬಕ್ಕ," ಎಂದಳು ಮೂಕಾಂಬು. "ನಿಮ್ ಗೋಡಿ ಕಲ್ಲಿನ ಒಳ್ಗೆ ನನ್ ಅಡ್ಗಿ ಬೇಯ್ತ್. ಮಧ್ಯ ಕಡ್ಲ್ ನೀರ್ ಹೊಯ್ದ್ ನಾನ್ ನಿದ್ರಿ ಮಾಡ್ಕಾ?"

ಗುಲಾಬಿ ಕೊಡ ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಮಳೆಯೋ ಏನೋ.

"ಹಾಂಗಾರೆ ನಿಂತ್ಕಂಡ್ ಎಂತ ಕಾಂತ್ರಿ? ದನ ಬಿಚ್ಕಂಡ್ ಬನ್ನಿ ಮೊದ್ಲ್. ಆಮೇಲೆ ಅಕ್ಕಿ ಮುಡಿ. ಪಾತ್ರಿ ಪಗಡಿ ಎಲ್ಲ ಕಡಿಗೆ. ಚಾವಡಿ ಗುಡಿಸ್ತೆ ನಾನ್."

*

ಅಂದಿನಿಂದ ಗಂಡ ಹೆಂಡತಿ ಗುಲಾಬಿಯ ಮನೆಯಲ್ಲಿ. ಮೂಕಾಂಬು ಪ್ರತಿ ಬೆಳಿಗ್ಗೆ ಎದ್ದು ಬೇಲಿಯಾಚೆ ತನ್ನ ಮನೆಯ ಅಂಗಳ ಗುಡಿಸಿ ಬರುತ್ತಿದ್ದಳು. ಆಗಲೇ ದೀಪ ಕೆಂಪಾಗಿತ್ತು. ದರೆಯ ಮೈಯಿಂದ ತೆಳ್ಳಗೆ ಹುಳಿ ವಾಸನೆ ಬರುತ್ತಿತ್ತು, ಬಹಳ ದಿನ ಮುಚ್ಚಿಟ್ಟ ಮಜ್ಜಿಗೆಯ ಹಾಗೆ.

ಮೂಕಾಂಬುವಿನ ಗದ್ದೆಯ ನೆಟ್ಟಿಯ ದಿನ ಮಳೆ ಸ್ವಲ್ಪ ಹಿಂಜರಿದಿತ್ತು. ಮುಯ್ಯಾಳಿನ ಹೆಂಗಸರೆಲ್ಲ ಬಂದಿದ್ದರು. ಅರ್ಧ ಗದ್ದೆ ನೆಟ್ಟಾಗಿತ್ತು. ಆಗ ಗುಡ್ಡದ ಕಡೆಯಿಂದ ಸದ್ದು ಬಂತು. ಗುಡುಗಿನಂತಲ್ಲ. ಅಕ್ಕಿಯ ಮೂಟೆಯೊಂದರ ಹೊಲಿಗೆ ಬಿಚ್ಚಿ ಸುರಿದರೆ ಬರುವಂಥ ಉದ್ದನೆಯ ಸದ್ದು. ಎಲ್ಲರೂ ಸೊಂಟ ನೇರ ಮಾಡಿದರು. ಕಂಬ ನಿಧಾನವಾಗಿ ಬಾಗಿತು, ದೀಪ ಆರಲಿಲ್ಲ, ಉರಿಯುತ್ತಲೇ ಕೆಳಗಿಳಿಯಿತು. ದರೆ ಮಂಡಿಯೂರಿದ ಹಾಗೆ ಕುಸಿದು ಅಡುಗೆಮನೆಯ ಮೇಲೆ ಕೂತಿತು. ಆಮೇಲೆ ನಡುಮನೆಯ ಮಾಡು, ಆಮೇಲೆ ತುಳಸಿಕಟ್ಟೆ. ಕೆಂಪು ರಾಡಿ ಬೇಲಿಯ ಕಡೆ ಹೊರಳಿ, ಗುಲಾಬಿಯ ಪಾಲಿನ ದರೆಯ ಅಂಚಿಗೆ ಬಂದು ತಾಗಿ, ಅಲ್ಲಿಂದಾಚೆ ಒಂದು ಹೆಡಿಗೆಯಷ್ಟೂ ಹೋಗದೆ ನಿಂತಿತು. ಅಂಚು ಕತ್ತಿಯಿಂದ ಕೊಯ್ದಷ್ಟು ನೆಟ್ಟಗಿತ್ತು.

ಶೀನ ಗದ್ದೆಯಂಚಿನಲ್ಲಿ ತಲೆಯ ಮೇಲೆ ಕೈಯಿಟ್ಟು ಕೂತ. ಹೆಂಗಸೊಬ್ಬಳು ಅಳತೊಡಗಿದಳು.

ಮೂಕಾಂಬುವಿನ ಕೈಯಲ್ಲಿ ಬಿಚ್ಚಿದ ಸೂಡಿ ಇತ್ತು. ಕಿತ್ತ ಅಗೆಗೆ ಇವತ್ತೇ ಕೆಸರು ಸಿಗಬೇಕು. ಅವಳು ಬಗ್ಗಿದಳು. ಒಂದು ಬುಡ ಊರಿದಳು, ಇನ್ನೊಂದು ಊರಿದಳು. ಪಕ್ಕದಲ್ಲಿ ಗುಲಾಬಿಯೂ ಬಗ್ಗಿದಳು. ಅಂದು ಗುಲಾಬಿ ಇಟ್ಟ ಸಾಲು ಹಾವು ಹರಿದ ಹಾಗಿತ್ತು. ಯಾರೂ ನಗಲಿಲ್ಲ.

*

ನವರಾತ್ರಿಯ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗಾಗಿತ್ತು. ಬಿದ್ದ ಮಣ್ಣನ್ನು ಯಂತ್ರ ಬಾಚಿಕೊಂಡು ಹೋಯಿತು. ಅಡಿಯಲ್ಲಿ ಮುರಕಲ್ಲುಗಳು ಹೆಚ್ಚಿನವು ಒಡೆಯದೆ ಸಿಕ್ಕವು. ಶೀನ ಅವನ್ನು ತೊಳೆದು ಪೇರಿಸುತ್ತಿದ್ದ. ಮೊದಲು ಗುಲಾಬಿಯ ಗೋಡೆ, ಆಮೇಲೆ ಉಳಿದರೆ ಒಲೆಯ ಹಿಂದೆ ಎಂದು ಅವನೇ ಹೇಳಿದ್ದ.

ನಫೀಸಾ ಬಂದಿದ್ದಳು. ಲ್ಯಾಬಿನವರು ಗುಲಾಬಿಯ ದರೆಯ ಮಣ್ಣನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಹೋಗಿದ್ದರು. ಕಡಿಮೆ ಉಂಡು ಹೆಚ್ಚು ಹಿಡಿಯುವುದನ್ನು ಅದಕ್ಕೆ ಕಲಿಸಬಹುದೇ ನೋಡುತ್ತಾರಂತೆ. ನಿಶ್ಚಯವಿಲ್ಲ, ಎರಡು ವರ್ಷವೂ ಆಗಬಹುದು. ಬರುವ ಬೇಸಗೆಗೆ ನೀರ್ಕೊಡ್ಲಿನ ಇಡೀ ದರೆ ಪಟ್ಟಿಯಲ್ಲಿದೆ, ಬೇಲಿಯ ಎರಡೂ ಕಡೆ. "ಹೊಸ ಕ್ಯಾನ್ ಬಪ್ಪುಕೆ ಇನ್ನೊಂದ್ ತಿಂಗ್ಳ್ ಬೇಕ್," ಎಂದಳು. ಆಮೇಲೆ ಗುಲಾಬಿಯ ದರೆಯನ್ನು ಕಣ್ಣಿನಿಂದ ಅಳೆದು, "ಹೆಪ್ಪ್ ಕ್ಯಾನಲ್ಲೇ ಬರ್ಕ್ ಅಂದಿಲ್ಲೆ. ಈ ಸಲ ಗಂಜಿ ಎರಡಕ್ಕೂ ಬತ್ತ್," ಎಂದು ಬೇರೆ ಕಡೆ ನೋಡಿದಳು.

ಅವಳು ಹೋದ ಮೇಲೆ ಗುಲಾಬಿ ಒಳಗೆ ಹೋಗಿ ಗೆರಟೆ ತಂದಳು. ದರೆಯ ಬುಡದಿಂದ ಹಾರೆಯಲ್ಲಿ ಒಂದು ಹಿಡಿ ಎಬ್ಬಿಸಿದಳು. ಬೇಲಿ ಇದ್ದ ಜಾಗಕ್ಕೆ ಬಂದು, ಎರಡೂ ಕೈಯಲ್ಲಿ ಹಿಡಿದು ಮೂಕಾಂಬುವಿನ ಮುಂದೆ ಚಾಚಿದಳು.

"ತಕೋ. ನಿಂದ್ ನಿಂಗೆ. ತಿರ್ಸ್ತೆ."

ಮೂಕಾಂಬು ಕೈ ಹಿಂದಕ್ಕೆಳೆದುಕೊಂಡಳು. ಅಡಿಪಾಯವಷ್ಟೇ ಉಳಿದ ಮನೆಯನ್ನು ನೋಡಿದಳು, ಗುಲಾಬಿಯ ಚಾವಡಿಯಲ್ಲಿ ಒಣಗುತ್ತಿದ್ದ ತನ್ನ ಸೀರೆಯನ್ನು ನೋಡಿದಳು.

"ತಿರ್ಸುದ್ ಬ್ಯಾಡ ಗುಲಾಬಕ್ಕ," ಎಂದಳು. "ಕಡ ಕೊಡಿ."

ಗುಲಾಬಿ ಅವಳ ಮುಖ ನೋಡಿದಳು. ಆಮೇಲೆ ಗೆರಟೆಯಿಂದ ಚಿಟಿಕೆಯಷ್ಟು ಮಣ್ಣನ್ನು ತೆಗೆದು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು, ಪೂರ್ತಿ ಕೊಟ್ಟ ಹಾಗಾಗದಿರಲಿ ಎಂದು. ಉಳಿದದ್ದನ್ನು ಮೂಕಾಂಬುವಿನ ಕೈಗೆ ಹಾಕಿದಳು.

"ಹೊತ್ತ್ ಮುಳ್ಗುಕ್ ಮೊದ್ಲ್ ಹಾಕ್, ಮಾರಾಯ್ತಿ."